ಹಲ್ಲು ಕೀಳಿಸುವ ಮುನ್ನ

ಹಲ್ಲುನೋವಿನಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರಲ್ಲಿ ಹೆಚ್ಚಿನವರು ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. ಕೆಲವರು, "ಈ ಹಲ್ಲು ಕಿತ್ತು ಒಗೀರಿ ಸಾಹೇಬ್ರ, ಸಾಕಾಗೇತಿ" ಎನ್ನುತ್ತಾರೆ. ಇನ್ನು ಕೆಲವರು, "ಕೀಳೋದೊಂದು ಬ್ಯಾಡ್ರಿ, ಏನಾರ ಗಿಡಮೂಲಿಕಿ ಔಷಧ ಇದ್ರ ಕೊಡ್ರಿ" ಎಂದು ಕೈಮುಗಿಯುತ್ತಾರೆ. ಮೊದಲನೆಯವರು ಉಳಿಯಬಹುದಾದ ಹಲ್ಲನ್ನು ಆತುರದಿಂದ ಕಳೆದುಕೊಳ್ಳುತ್ತಾರೆ. ಎರಡನೆಯವರು ಕೆಟ್ಟ ಹಲ್ಲನ್ನು ಬಾಯಿಯಲ್ಲಿಟ್ಟುಕೊಂಡೇ ರೋಗವನ್ನು ಒಳಗೊಳಗೆ ಬೆಳೆಸುತ್ತಾರೆ. ಬಹಳಷ್ಟು ಹುಳುಕಿದ ಹಲ್ಲನ್ನೂ ಕೀಳದೆ ಉಳಿಸಿಕೊಳ್ಳುವ ಮಾರ್ಗಗಳು ಇಂದು ಇವೆ. ಆದರೆ ಆ ಮಾರ್ಗಗಳು ಯಾವುವು, ಅವುಗಳಲ್ಲಿ ನಮ್ಮ ಆಯುರ್ವೇದದ ಪಾಲೆಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮಗೆ ಪಾಠ ಕಲಿಸಿದ ಒಂದು ಪ್ರಸಂಗ

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಸುಮಾರು ನಲವತ್ತೈದರ ವಯಸ್ಸಿನ ರೈತರೊಬ್ಬರು ಕೆಳದವಡೆಯ ಹಲ್ಲಿನ ನೋವಿನಿಂದ ನಮ್ಮಲ್ಲಿಗೆ ಬಂದರು. ಪಟ್ಟಣದ ದಂತವೈದ್ಯರು ಬೇರಿನ ಚಿಕಿತ್ಸೆ ಮಾಡಿಸಬೇಕು, ಇಲ್ಲವೇ ಕೀಳಿಸಬೇಕು ಎಂದಿದ್ದರಂತೆ. ಎರಡೂ ಬೇಡವೆಂದು ಅವರು ನಮ್ಮನ್ನು ಅರಸಿ ಬಂದಿದ್ದರು. ನಾವು ಬಾಯಿ ಮುಕ್ಕಳಿಸಲು ಕಷಾಯವನ್ನೂ, ಬಾಯಿಯಲ್ಲಿ ಹಿಡಿದಿಟ್ಟುಕೊಳ್ಳಲು ತೈಲವನ್ನೂ ಕೊಟ್ಟೆವು. ಎಂಟು ದಿನಗಳಲ್ಲಿ ನೋವು ನಿಂತಿತು. ಆ ವರ್ಷದ ಜಾತ್ರೆಯಲ್ಲಿ ಅವರು ಕಂಡಕಂಡವರಿಗೆಲ್ಲ ನಮ್ಮ ಕೈಗುಣವನ್ನು ಹೊಗಳಿದರು. ಕೇಳಿ ನಮಗೂ ಹಿಗ್ಗಾಯಿತು.

ಐದು ತಿಂಗಳ ಬಳಿಕ ಒಂದು ರಾತ್ರಿ ಅವರನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ದವಡೆಯಿಂದ ಕೊರಳಿನವರೆಗೆ ಬಾವು ಏರಿ ಚರ್ಮ ಬಿಗಿದಿತ್ತು. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ, ಉಗುಳು ನುಂಗಲಾಗುತ್ತಿರಲಿಲ್ಲ, ಮೈ ಕಾದಿತ್ತು. ನಾವು ಕ್ಷಣವೂ ತಡಮಾಡದೆ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಕೊರಳಿನ ಬಳಿ ಕೊಯ್ದು ಕೀವು ತೆಗೆದರು. ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಮೀರಿರುವುದು ಅಲ್ಲಿಯೇ ಮೊದಲ ಬಾರಿಗೆ ತಿಳಿಯಿತು. ಹನ್ನೊಂದು ದಿನ ಅಲ್ಲಿದ್ದು ಬದುಕಿ ಬಂದರು. ಆ ಹಲ್ಲೂ ಹೋಯಿತು, ಅದರ ಪಕ್ಕದ ಹಲ್ಲೂ ಹೋಯಿತು.

ಅವರು ನಮ್ಮನ್ನು ಒಂದು ಮಾತೂ ದೂರಲಿಲ್ಲ. "ನೀವು ನೋವು ನಿಲ್ಲಿಸಿದ್ರಿ ಸಾಹೇಬ್ರ. ನಾನು ಗುಣಾ ಆತು ಅಂತ ತಿಳಕೊಂಡೆ" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಗುಣವಾಯಿತೆಂದು ನಾವು ಹೇಳಿರಲಿಲ್ಲ, ನಿಜ. ಆದರೆ ಗುಣವಾಗಿಲ್ಲವೆಂದೂ ಹೇಳಿರಲಿಲ್ಲ. ದಂತವೈದ್ಯರಲ್ಲಿಗೆ ಮರಳಿ ಹೋಗಿರೆಂದು ಒತ್ತಾಯಿಸಿರಲಿಲ್ಲ. ಅಂದಿನಿಂದ, ಹುಳುಕಿನ ನೋವಿಗೆ ಔಷಧ ಕೊಡುವಾಗಲೆಲ್ಲ ದಂತವೈದ್ಯರಿಗೆ ಒಂದು ಚೀಟಿಯನ್ನೂ ಬರೆದುಕೊಡುವ ನಿಯಮವನ್ನು ನಾವು ಹಾಕಿಕೊಂಡಿದ್ದೇವೆ.

ನೋವು ಏಕೆ ತಾನಾಗಿಯೇ ನಿಲ್ಲುತ್ತದೆ?

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಅದರ ಒಳಗೆ ಸ್ವಲ್ಪ ಮೃದುವಾದ ಡೆಂಟೀನ್ ಪದರ, ಅದರೊಳಗೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಜೀವಂತ ತಿರುಳು ಇವೆ. ನಾವು ತಿಂದ ಸಿಹಿ ಮತ್ತು ಹಿಟ್ಟಿನ ಅಂಶವನ್ನು ಬಾಯಿಯಲ್ಲಿನ ಸೂಕ್ಷ್ಮಜೀವಿಗಳು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಕವಚವನ್ನು ಕರಗಿಸುತ್ತದೆ. ಹುಳುಕು ಎಂಬ ಹೆಸರಿದ್ದರೂ ಕಣ್ಣಿಗೆ ಕಾಣುವ ಹುಳು ಅಲ್ಲಿ ಇರುವುದಿಲ್ಲ.

ಹುಳುಕು ಕವಚದಲ್ಲಿರುವಾಗ ನೋವಿರುವುದಿಲ್ಲ. ಡೆಂಟೀನನ್ನು ತಲುಪಿದಾಗ ತಣ್ಣೀರು ಮತ್ತು ಸಿಹಿಗೆ ಹಲ್ಲು ಜುಮ್ಮೆನ್ನುತ್ತದೆ. ತಿರುಳನ್ನು ಮುಟ್ಟಿದಾಗ ತಿರುಳು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಆ ಊತಕ್ಕೆ ಹಿಗ್ಗಲು ಸ್ಥಳವಿಲ್ಲ. ಆದ್ದರಿಂದಲೇ ಮಿಡಿಯುವ ಘೋರ ನೋವು, ರಾತ್ರಿ ಮಲಗಿದಾಗ ಇನ್ನಷ್ಟು ಹೆಚ್ಚುವ ನೋವು. ಕೆಲವು ದಿನಗಳಲ್ಲಿ ತಿರುಳು ಸಾಯುತ್ತದೆ. ನರವೇ ಸತ್ತ ಮೇಲೆ ನೋವು ನಿಲ್ಲುತ್ತದೆ. ಆಗ ನಾವು ಕೊಟ್ಟ ತೈಲಕ್ಕೋ, ಲವಂಗಕ್ಕೋ, ಔಷಧದ ಅಂಗಡಿಯಿಂದ ತಂದ ಗುಳಿಗೆಗೋ ಕೀರ್ತಿ ಬರುತ್ತದೆ. ಸೂಕ್ಷ್ಮಜೀವಿಗಳು ಮಾತ್ರ ಸತ್ತ ತಿರುಳಿನ ಮೂಲಕ ಬೇರಿನ ತುದಿಗೆ ಇಳಿದು ದವಡೆಯ ಮೂಳೆಯಲ್ಲಿ ಕೀವುಗಟ್ಟಿಸುತ್ತವೆ. ಆ ರೈತರಿಗೆ ಆದದ್ದು ಇದೇ.

ಶಾಸ್ತ್ರವು ಎಳೆದ ಗೆರೆ

ಸುಶ್ರುತಾಚಾರ್ಯರು ಅರವತ್ತೈದು ಬಗೆಯ ಮುಖರೋಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹಲ್ಲಿಗೇ ಸಂಬಂಧಿಸಿದ ಎಂಟರಲ್ಲಿ ಕೃಮಿದಂತವೂ ಒಂದು. ಹಲ್ಲು ಕಪ್ಪಾಗುವುದು, ರಂಧ್ರ ಬೀಳುವುದು, ಅಲುಗಾಡುವುದು, ಸ್ರಾವ, ಊತ, ಕಾರಣವಿಲ್ಲದೆಯೇ ಬರುವ ತೀವ್ರ ನೋವು ಎಂದು ಅದರ ಲಕ್ಷಣಗಳನ್ನು ವಿವರಿಸಿದ್ದಾರೆ. ಚಿಕಿತ್ಸೆಯಲ್ಲಿ ಅವರು ಒಂದು ಸ್ಪಷ್ಟವಾದ ಗೆರೆಯನ್ನು ಎಳೆಯುತ್ತಾರೆ. ಅಲುಗಾಡದ ಹಲ್ಲಿಗೆ ಸ್ವೇದನ, ರಕ್ತವಿಸ್ರಾವಣ, ನಸ್ಯ, ಸ್ನೇಹಗಂಡೂಷ, ಲೇಪಗಳು. ಅಲುಗಾಡುವ ಹಲ್ಲನ್ನು ಕಿತ್ತು ಆ ಸ್ಥಾನವನ್ನು ಸುಡಬೇಕು. ವಾಗ್ಭಟಾಚಾರ್ಯರು ಹಲ್ಲಿನ ರಂಧ್ರವನ್ನು ಬೆಲ್ಲದಿಂದ ಅಥವಾ ಜೇನುಮೇಣದಿಂದ ತುಂಬಿ ಸುಡುವ ಕ್ರಮವನ್ನೂ ಹೇಳಿದ್ದಾರೆ. ಅಂದರೆ, ಉಳಿಸಬಹುದಾದುದನ್ನು ಉಳಿಸು, ರಂಧ್ರವನ್ನು ತುಂಬು, ಉಳಿಯದುದನ್ನು ತೆಗೆ ಎಂಬ ವಿವೇಕ ನಮ್ಮ ಆಚಾರ್ಯರಲ್ಲಿಯೇ ಇತ್ತು. ಆಯುರ್ವೇದವು ಹಲ್ಲು ಕೀಳುವುದಕ್ಕೆ ವಿರೋಧಿಯೆಂದು ತಿಳಿದವರು ಇದನ್ನು ಗಮನಿಸಬೇಕು.

ಇಲ್ಲಿಯೇ ನಮ್ಮ ಊರುಗಳಲ್ಲಿರುವ ಒಂದು ಭಯದ ಮಾತನ್ನೂ ಹೇಳಬೇಕು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ನಂಬಿ ಕೊಳೆತ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಂಡವರನ್ನು ನಾವು ಕಂಡಿದ್ದೇವೆ. ಇದು ಬರಿಯ ಅಜ್ಜಿಯ ಕಥೆಯಲ್ಲ. ಗಟ್ಟಿಯಾಗಿ ಕೂತ ಮೇಲಿನ ಹಲ್ಲನ್ನು ಬುಡಸಹಿತ ಕಿತ್ತರೆ ಅತಿಯಾಗಿ ರಕ್ತ ಹೋಗಿ ಕಣ್ಣಿಗೂ ಮುಖಕ್ಕೂ ಕೇಡಾಗುತ್ತದೆ, ಆದ್ದರಿಂದ ಅಲುಗಾಡುತ್ತಿದ್ದರೂ ಮೇಲಿನ ಹಲ್ಲನ್ನು ಕೀಳಬಾರದು ಎಂದು ಸುಶ್ರುತರೇ ಎಚ್ಚರಿಸಿದ್ದಾರೆ. ಮರಗಟ್ಟಿಸುವ ಸೂಜಿಯಿಲ್ಲದ, ರಕ್ತವನ್ನೂ ಸೋಂಕನ್ನೂ ತಡೆಯುವ ಇಂದಿನ ಸಾಧನಗಳಿಲ್ಲದ ಕಾಲದಲ್ಲಿ ಅದು ಯೋಗ್ಯವಾದ ಎಚ್ಚರಿಕೆಯೇ ಆಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಮೇಲಿನ ಹಲ್ಲುಗಳ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ತಜ್ಞರು ಶುದ್ಧ ಉಪಕರಣಗಳಿಂದ ಮೇಲಿನ ಹಲ್ಲು ತೆಗೆದರೆ ದೃಷ್ಟಿ ಹೋಗುತ್ತದೆಂದು ಭಯಪಡಬೇಕಾಗಿಲ್ಲ.

ಕೀಳದೆ ಉಳಿಸುವ ಮಾರ್ಗಗಳು

ಯಾವ ಮಾರ್ಗವೆಂಬುದು ಹುಳುಕು ಎಷ್ಟು ಆಳಕ್ಕೆ ಹೋಗಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ಬರಿಗಣ್ಣಿನಿಂದ ಹೇಳಲಾಗದು. ಹಲ್ಲಿನ ಎಕ್ಸರೇ ಬೇಕು.

ಕವಚದ ಮೇಲೆ ಸುಣ್ಣದಂತಹ ಬಿಳಿ ಮಚ್ಚೆ ಮಾತ್ರ ಇದ್ದರೆ, ಸಿಹಿಯನ್ನು ಮಿತಗೊಳಿಸಿ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜುವುದರಿಂದ ಅದು ಮರಳಿ ಗಟ್ಟಿಯಾಗಬಲ್ಲದು. ರಂಧ್ರ ಬಿದ್ದ ಮೇಲೆ ಹಲ್ಲು ತಾನಾಗಿ ತುಂಬಿಕೊಳ್ಳುವುದಿಲ್ಲ. ಮುರಿದ ಮೂಳೆ ಕೂಡಿಕೊಳ್ಳುವಂತೆ ಕವಚವು ಮತ್ತೆ ಬೆಳೆಯದು. ಯಾವ ತೈಲವೂ ಯಾವ ಭಸ್ಮವೂ ಅದನ್ನು ಬೆಳೆಸಲಾರದು. ಆಗ ಹುಳುಕನ್ನು ತೆಗೆದು ಸಿಮೆಂಟು ತುಂಬಿಸಬೇಕು. ಇದು ಒಂದೇ ಭೇಟಿಯಲ್ಲಿ ಮುಗಿಯುವ, ಹೆಚ್ಚು ಖರ್ಚಿಲ್ಲದ ಕೆಲಸ. ಯಂತ್ರಕ್ಕೆ ಹೆದರುವ ಮಕ್ಕಳಿಗೆ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು ತುಂಬುವ ವಿಧಾನವೂ ಇದೆ. ಹಾಸಿಗೆ ಹಿಡಿದ ವೃದ್ಧರಿಗೂ ಚಿಕ್ಕ ಮಕ್ಕಳಿಗೂ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕನ್ನು ಅಲ್ಲಿಗೇ ತಡೆಯುವುದುಂಟು. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದಷ್ಟೇ ಅದರ ಕೊರತೆ.

ಹುಳುಕು ತಿರುಳನ್ನು ತಲುಪಿದ್ದರೆ, ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಕೀಳುವುದಕ್ಕೆ ನಿಜವಾದ ಪರ್ಯಾಯ. ಮರಗಟ್ಟಿಸುವ ಸೂಜಿ ಕೊಟ್ಟು, ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುದ್ಧಗೊಳಿಸಿ ತುಂಬುತ್ತಾರೆ. ಒಂದರಿಂದ ಮೂರು ಭೇಟಿ ಬೇಕಾಗಬಹುದು. ಗಿಡಮೂಲಿಕೆಯನ್ನೇ ಕೇಳುವ ಭಕ್ತರಿಗೆ ನಾವು ನಗುತ್ತಾ ಹೇಳುವುದುಂಟು: ಆ ನಾಳದಲ್ಲಿ ತುಂಬುವ ಗಟ್ಟಾಪರ್ಚಾ ಎಂಬುದು ಮಲಯ ದೇಶದ ಒಂದು ಮರದ ಹಾಲಿನಿಂದ ಬಂದ ವಸ್ತು, ದಂತವೈದ್ಯರು ಬಳಸುವ ಒಂದು ಸಿಮೆಂಟಿನಲ್ಲಿ ಲವಂಗದ ಎಣ್ಣೆಯ ಸತ್ವವೇ ಇದೆ. ಬೇರಿನ ಚಿಕಿತ್ಸೆಯಾದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮಾತ್ರ ಮರೆಯಬಾರದು. ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಟ್ಟು, ವರ್ಷದೊಳಗೆ ಚಕ್ಕುಲಿ ಕಡಿಯುವಾಗ ಹಲ್ಲು ಸೀಳಿಕೊಂಡು ಬಂದವರು ಅನೇಕರು.

ಮೇಲ್ಭಾಗವೆಲ್ಲ ಮುರಿದುಹೋಗಿ ಬೇರು ಮಾತ್ರ ಗಟ್ಟಿಯಾಗಿದ್ದರೆ, ಬೇರಿನೊಳಗೆ ಒಂದು ಕಂಬಿಯನ್ನು ನಿಲ್ಲಿಸಿ ಅದರ ಮೇಲೆ ಹಲ್ಲನ್ನು ಕಟ್ಟುತ್ತಾರೆ. ಎರಡು ಬೇರಿನ ದವಡೆ ಹಲ್ಲಿನಲ್ಲಿ ಒಂದು ಬೇರು ಮಾತ್ರ ಕೆಟ್ಟಿದ್ದರೆ, ಆ ಅರ್ಧವನ್ನಷ್ಟೇ ತೆಗೆದು ಉಳಿದರ್ಧವನ್ನು ಕಾಯುವುದೂ ಕೆಲವೊಮ್ಮೆ ಸಾಧ್ಯ. ಆದ್ದರಿಂದ ಕೀಳಬೇಕೆಂದು ಯಾರಾದರೂ ಹೇಳಿದಾಗ, "ಬೇರು ಗಟ್ಟಿ ಇದೆಯೇ? ಉಳಿಸಲು ಬೇರೆ ದಾರಿ ಇದೆಯೇ?" ಎಂದು ಕೇಳುವ ಹಕ್ಕು ತಮಗಿದೆ. ಬೇಕಾದರೆ ಇನ್ನೊಬ್ಬ ದಂತವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ.

ಕೀಳುವುದೇ ಸರಿಯಾದಾಗ

ಬೇರು ಉದ್ದಕ್ಕೆ ಸೀಳಿದ್ದರೆ, ಹುಳುಕು ಒಸಡಿನ ಕೆಳಗೆ ಬಹಳ ಆಳಕ್ಕೆ ಇಳಿದು ಕಟ್ಟಲು ಆಧಾರವೇ ಉಳಿದಿಲ್ಲದಿದ್ದರೆ, ಸುತ್ತಲಿನ ಮೂಳೆ ಕರಗಿ ಹಲ್ಲು ಬಹಳವಾಗಿ ಅಲುಗಾಡುತ್ತಿದ್ದರೆ ಆ ಹಲ್ಲನ್ನು ತೆಗೆಸುವುದೇ ಕ್ಷೇಮ. ಅಂತಹ ಹಲ್ಲನ್ನು ಉಳಿಸಲು ಹಟ ಹಿಡಿಯುವುದು ಕೀವಿನ ಚೀಲವನ್ನು ಮನೆಯಲ್ಲಿ ಕಾಪಾಡಿದಂತೆ.

ಮಧುಮೇಹಿಗಳು, ಹೃದಯದ ಕವಾಟದ ತೊಂದರೆಯುಳ್ಳವರು, ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುವವರು, ಮೂಳೆ ಸವೆತಕ್ಕೆ ಇಂಜೆಕ್ಷನ್ ಪಡೆಯುತ್ತಿರುವವರು ಮತ್ತು ಗರ್ಭಿಣಿಯರು ಅದನ್ನು ಮೊದಲೇ ದಂತವೈದ್ಯರಿಗೆ ತಿಳಿಸಬೇಕು. ರಕ್ತದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹಲ್ಲು ತೆಗೆಸಿದ ದಿನ ಬಾಯಿ ಮುಕ್ಕಳಿಸುವುದಾಗಲೀ, ಎಲೆ ಅಡಿಕೆ ತಂಬಾಕು ಹಾಕುವುದಾಗಲೀ ಕೂಡದು. ಮರುದಿನದಿಂದ ಬೆಚ್ಚಗಿನ ಉಪ್ಪುನೀರು ಸಾಕು.

ಜಾಲಂಧರ ಬಂಧದ ಕ್ರಮದಿಂದ ಸೂಜಿಯಿಲ್ಲದೆ ಹಲ್ಲು ಕೀಳುವ ಶಿಬಿರಗಳ ವಿಷಯವನ್ನು ಭಕ್ತರು ಕೇಳುತ್ತಾರೆ. ಅದೂ ಕೀಳುವ ಕ್ರಮವೇ ಹೊರತು ಉಳಿಸುವ ಕ್ರಮವಲ್ಲ ಎಂಬುದನ್ನು ನೆನಪಿಡಬೇಕು. ಸಾಲಿನಲ್ಲಿ ನಿಂತು ಸುಲಭವಾಗಿ ಹಲ್ಲು ಕೀಳಿಸಿಕೊಳ್ಳುವ ಉತ್ಸಾಹದಲ್ಲಿ, ಈ ಹಲ್ಲು ಉಳಿಯುತ್ತಿತ್ತೇ ಎಂಬ ಪ್ರಶ್ನೆ ಮರೆತುಹೋಗುತ್ತದೆ. ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸದ, ಉಪಕರಣಗಳನ್ನು ಸರಿಯಾಗಿ ಶುದ್ಧಗೊಳಿಸದ ಕಡೆ ಯಾವ ಕ್ರಮದಿಂದಲೂ ಹಲ್ಲು ಕೀಳಿಸಬೇಡಿ.

ಖರ್ಚಿನ ಮಾತು

ಬಡ ಕುಟುಂಬಗಳು ಹಲ್ಲು ಕೀಳಿಸುವುದು ಬಹುಮಟ್ಟಿಗೆ ಖರ್ಚಿನ ಭಯದಿಂದ. ಬೇರಿನ ಚಿಕಿತ್ಸೆ ಮತ್ತು ಕ್ಯಾಪಿಗಿಂತ ಕೀಳಿಸುವುದು ಅಗ್ಗವೆಂಬುದು ಸತ್ಯ. ಆದರೆ ಒಂದು ದವಡೆ ಹಲ್ಲು ಹೋದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ. ಕಟ್ಟಿಸಲು ಹೋದರೆ ಖರ್ಚು ಮತ್ತೆ ಬರುತ್ತದೆ. ಬೆಂಗಳೂರಿನ ಸರಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ, ಧಾರವಾಡ, ಬೆಳಗಾವಿ, ದಾವಣಗೆರೆ, ಮೈಸೂರು, ಕಲಬುರ್ಗಿ ಮುಂತಾದ ಊರುಗಳ ದಂತ ಮಹಾವಿದ್ಯಾಲಯಗಳಲ್ಲಿಯೂ ಗುರುಗಳ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿವೈದ್ಯರು ಚಿಕಿತ್ಸೆ ನೀಡುತ್ತಾರೆ. ಖಾಸಗಿ ಚಿಕಿತ್ಸಾಲಯಗಳಿಗಿಂತ ಅಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಸಮಯ ಹೆಚ್ಚು ಹಿಡಿಯಬಹುದು, ಹಲವು ಸಲ ಹೋಗಬೇಕಾಗಬಹುದು. ತಾಳ್ಮೆಯಿದ್ದರೆ ಹಲ್ಲು ಉಳಿಯುತ್ತದೆ.

ನಮ್ಮ ಔಷಧಗಳ ಸ್ಥಾನ

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ. ದಂತವೈದ್ಯರಲ್ಲಿಗೆ ಹೋಗುವವರೆಗೆ ನೋವನ್ನು ತಗ್ಗಿಸಲು, ಒಸಡಿನ ಊತ ಮತ್ತು ದುರ್ಗಂಧವನ್ನು ಕಡಿಮೆ ಮಾಡಲು, ಉಳಿದ ಹಲ್ಲುಗಳನ್ನು ಕಾಯಲು ನಮ್ಮ ಔಷಧಗಳು ನೆರವಾಗುತ್ತವೆ. ತ್ರಿಫಲಾ ಕಷಾಯದಿಂದ ಮುಕ್ಕಳಿಸುವುದು, ಅರಿಮೇದಾದಿ ತೈಲ ಅಥವಾ ಶುದ್ಧ ಎಳ್ಳೆಣ್ಣೆಯ ಗಂಡೂಷ ಒಸಡಿಗೆ ಹಿತಕರ. ಲವಂಗದೆಣ್ಣೆಯನ್ನು ಎಳ್ಳೆಣ್ಣೆಯಲ್ಲಿ ಬೆರೆಸಿ, ಹತ್ತಿಯಲ್ಲಿ ಒಂದೆರಡು ಹನಿ ಅದ್ದಿ ರಂಧ್ರದಲ್ಲಿ ಇಡಬಹುದು. ಬೆರೆಸದೆ ಹಚ್ಚಿದರೆ ಒಸಡು ಸುಡುತ್ತದೆ. ಇದೆಲ್ಲವೂ ಒಂದೆರಡು ದಿನದ ಆಸರೆ ಮಾತ್ರ.

ಎಕ್ಕದ ಹಾಲನ್ನು ಹಲ್ಲಿನಲ್ಲಿ ಬಿಡುವ ರೂಢಿ ಹಳ್ಳಿಗಳಲ್ಲಿದೆ. ಗ್ರಂಥಗಳಲ್ಲಿ ಉಲ್ಲೇಖವಿದೆಯೆಂದು ಮನೆಯಲ್ಲಿ ಪ್ರಯೋಗಿಸಬೇಡಿ. ಬಾಯಿ ಹುಣ್ಣಾಗುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ತಂಬಾಕು, ನಶ್ಯಪುಡಿಗಳನ್ನು ಒತ್ತಿ ಇಡುವುದು ನೋವಿನ ಜೊತೆ ಚಟವನ್ನೂ ಅಂಟಿಸುತ್ತದೆ. ನೋವಿನ ಗುಳಿಗೆಯನ್ನು ಒಸಡಿನ ಮೇಲೆ ಇಟ್ಟುಕೊಂಡರೆ ಒಸಡು ಸುಟ್ಟು ಬೆಳ್ಳಗಾಗುತ್ತದೆ. ಗುಳ್ಳದ ಬೀಜದ ಹೊಗೆ ಹಾಕಿ ಹುಳು ತೆಗೆದು ತೋರಿಸುವವರೂ ಬರುತ್ತಾರೆ. ಆದರೆ ಹಲ್ಲಿನಲ್ಲಿ ಅಂತಹ ಹುಳುವೇ ಇಲ್ಲವೆಂಬುದನ್ನು ಆಗಲೇ ಹೇಳಿದ್ದೇವೆ.

ತಡಮಾಡಬಾರದ ಲಕ್ಷಣಗಳು

ದವಡೆಯ ಕೆಳಗೆ ಅಥವಾ ಕೊರಳಿಗೆ ಇಳಿಯುವ ಬಾವು, ಕಣ್ಣಿನ ಕಡೆಗೆ ಏರುವ ಬಾವು, ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು, ನಾಲಿಗೆ ಮೇಲಕ್ಕೆ ಎತ್ತಿಕೊಳ್ಳುವುದು: ಇವುಗಳಲ್ಲಿ ಒಂದು ಕಂಡರೂ ಅದು ರಾತ್ರಿಯೇ ಆಗಿರಲಿ, ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಬಿಸಿ ಶಾಖ ಕೊಡುತ್ತಾ, ಲೇಪ ಹಚ್ಚುತ್ತಾ ಬೆಳಗಾಗಲೆಂದು ಕಾಯಬಾರದು.

ಮಕ್ಕಳ ಹಲ್ಲು, ನಮ್ಮ ದಿನಚರಿ

ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವುದೆಂಬ ಉದಾಸೀನ ತಪ್ಪು. ಹಾಲುಹಲ್ಲಿನ ದವಡೆಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಬೇಗ ಕೀಳಿಸಿದರೆ ಬರುವ ಹಲ್ಲಿಗೆ ಸ್ಥಳ ಸಾಲದೆ ವಕ್ರವಾಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ ದವಡೆ ಹಲ್ಲು ಶಾಶ್ವತವಾದುದು. ಅದನ್ನು ಹಾಲುಹಲ್ಲೆಂದೇ ತಿಳಿದು ತಂದೆತಾಯಂದಿರು ಅಲಕ್ಷಿಸುತ್ತಾರೆ.

ಮುಂಡರಗಿ, ಪಾವಗಡದಂತಹ ಸೀಮೆಗಳಲ್ಲಿ ನೀರಿನ ಅತಿ ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದು ಕಲೆಗಳಾಗುತ್ತವೆ. ಅದು ಹುಳುಕಲ್ಲ, ಆ ಕಲೆಗಾಗಿ ಹಲ್ಲು ಕೀಳಿಸಬಾರದು. ಅಲ್ಲಿನ ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರ ಸಲಹೆ ಪಡೆಯಿರಿ.

ಬೇವು, ಕರಂಜ, ಖದಿರಗಳ ಕಡ್ಡಿಯಿಂದ ಹಲ್ಲುಜ್ಜುವುದನ್ನು ಸುಶ್ರುತರು ಹೇಳಿದ್ದಾರೆ. ತುದಿಯನ್ನು ಚೆನ್ನಾಗಿ ಜಗಿದು ಮೃದುವಾದ ಕುಂಚ ಮಾಡಿಕೊಂಡರೆ ಅದು ಇಂದಿಗೂ ಒಳ್ಳೆಯದೇ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಬೆರೆತ ಪುಡಿಗಳು ಕವಚವನ್ನು ಸವೆಸುತ್ತವೆ. ಬೆಳಿಗ್ಗೆ ಉಜ್ಜುವುದಕ್ಕಿಂತಲೂ ರಾತ್ರಿ ಮಲಗುವ ಮುನ್ನ ಉಜ್ಜುವುದು ಮುಖ್ಯ, ಏಕೆಂದರೆ ನಿದ್ರೆಯಲ್ಲಿ ಲಾಲಾರಸ ಕಡಿಮೆಯಾಗುತ್ತದೆ. ಸಿಹಿಯನ್ನು ಎಷ್ಟು ತಿಂದಿರಿ ಎನ್ನುವುದರಷ್ಟೇ, ದಿನಕ್ಕೆ ಎಷ್ಟು ಸಲ ತಿಂದಿರಿ ಎಂಬುದೂ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಆಗುವ ಹಾನಿಗಿಂತ, ದಿನವಿಡೀ ಗಂಟೆಗೊಮ್ಮೆ ಕುಡಿಯುವ ಸಕ್ಕರೆ ಚಹಾದ ಹಾನಿ ಹೆಚ್ಚು. ಸಿಹಿ ಪ್ರಸಾದ ಸ್ವೀಕರಿಸಿದ ಮೇಲೆ ಒಂದು ಲೋಟ ನೀರಿನಿಂದ ಬಾಯಿ ಮುಕ್ಕಳಿಸುವ ಅಭ್ಯಾಸವನ್ನು ಮಠದ ಪ್ರಸಾದನಿಲಯದ ಮಕ್ಕಳಿಗೆ ಕಲಿಸಿದರೆ, ಅದು ಅವರ ಜೀವಮಾನಕ್ಕೆ ಆಗುವ ಉಪಕಾರ.

ಕೊನೆಯಲ್ಲಿ ಭಕ್ತಬಾಂಧವರಲ್ಲಿ ಒಂದು ವಿನಂತಿ. ಈ ಲೇಖನವನ್ನು ಓದಿದ ದಿನ ಮನೆಯವರೆಲ್ಲರ ಬಾಯಿಯನ್ನೂ ಒಂದು ಬ್ಯಾಟರಿ ಹಿಡಿದು ನೋಡಿರಿ. ಮಕ್ಕಳದನ್ನೂ, ಅಜ್ಜ ಅಜ್ಜಿಯರದನ್ನೂ ನೋಡಿರಿ. ಕಪ್ಪು ರಂಧ್ರ ಕಂಡರೆ, ನೋವಿಲ್ಲದಿದ್ದರೂ, ಮೊದಲು ನೋವಿದ್ದು ಈಗ ನಿಂತಿದ್ದರಂತೂ ಖಂಡಿತವಾಗಿಯೂ, ಈ ತಿಂಗಳಲ್ಲಿಯೇ ದಂತವೈದ್ಯರಿಗೆ ತೋರಿಸಿರಿ. ನಮ್ಮಲ್ಲಿಗೆ ಬಂದರೆ ತೈಲವನ್ನೂ ಕೊಡುತ್ತೇವೆ, ಚೀಟಿಯನ್ನೂ ಕೊಡುತ್ತೇವೆ. ತೈಲವನ್ನು ಬಳಸಿ ಚೀಟಿಯನ್ನು ಜೇಬಿನಲ್ಲಿಯೇ ಉಳಿಸಿಕೊಳ್ಳಬೇಡಿರಿ.